ಮೊದಲ ಸಲ ಆಕ್ಸೊಲಾಟಲ್ ಮೊಟ್ಟೆ ಮನೆಗೆ ಬಂದಿದೆ: ಮುಂಬೈ ಸೆಕೆಯಲ್ಲಿ ಇದು ಆಗುವ ಮಾತೇ?

ಮುಲುಂಡ್ ಮಹಡಿ:
ಎಲ್ಲರಿಗೂ ನಮಸ್ಕಾರ. ಪುಣೆಯಲ್ಲಿರುವ ನಮ್ಮ ಭಾವನವರ ಸ್ನೇಹಿತರ ಮನೆಯಲ್ಲಿ ಆಕ್ಸೊಲಾಟಲ್ (ನೀರಿನಲ್ಲೇ ಬದುಕುವ ಒಂದು ಉಭಯಚರ) ಜೋಡಿ ಮೊಟ್ಟೆ ಇಟ್ಟಿದೆ. ಅದರಲ್ಲಿ ಒಂದು ಪಾಲನ್ನು ಜಾವಾ ಪಾಚಿಯ ಸಮೇತ ಡಬ್ಬಿಗೆ ತುಂಬಿ ನನ್ನ ಮಗಳ ಕೈಗೆ ಕೊಟ್ಟು ಕಳುಹಿಸಿದ್ದಾರೆ. ಮಗಳು ಏಳನೆಯ ತರಗತಿ. ಡಬ್ಬಿ ಬಂದಾಗಿನಿಂದ ಅವಳಿಗೆ ಪಾಠವೂ ಬೇಡ, ಊಟವೂ ಬೇಡ.

ಮೊಟ್ಟೆಗಳು ನೆನೆಸಿಟ್ಟ ಸಾಬಕ್ಕಿಯ ಹಾಗಿವೆ, ನಡುವೆ ಒಂದೊಂದು ಕಪ್ಪು ಚುಕ್ಕೆ. ನೂರರ ಆಸುಪಾಸಿನಲ್ಲಿರಬಹುದು. ನವೆಂಬರ್ ಅರ್ಧ ಕಳೆದರೂ ನಮ್ಮ ಕೋಣೆಯಲ್ಲಿ ಮಧ್ಯಾಹ್ನ 30 ಡಿಗ್ರಿ ತೋರಿಸುತ್ತಿದೆ. ಎಸಿ ಇರುವುದು ಮಲಗುವ ಕೋಣೆಯಲ್ಲಿ ಮಾತ್ರ, ಅದೂ ರಾತ್ರಿ ಹೊತ್ತು. ಗಪ್ಪಿ ಮೀನು ಸಾಕಿ ಗೊತ್ತು, ಇದು ಗೊತ್ತಿಲ್ಲ. ನೀರು ಹೇಗಿರಬೇಕು, ತಂಪು ಹೇಗೆ ಮಾಡುವುದು, ಮರಿಗೆ ಏನು ತಿನ್ನಿಸುವುದು? ತಿಳಿದವರು ದಯವಿಟ್ಟು ಹೇಳಿ.

ಕೊತ್ರೂಡ್ ಕೊಳ:
ಮುಲುಂಡಿನವರೇ, ಮೊಟ್ಟೆಯಿಂದ ಮರಿ ಬರುವುದು ಕಷ್ಟವಲ್ಲ. ಬಂದ ಮರಿಯನ್ನು ಮುಂದಿನ ಜೂನ್ ತನಕ ದಾಟಿಸುವುದು ಕಷ್ಟ. ಆದ್ದರಿಂದ ಮೊದಲು ತಂಪಿನ ಮಾತು.

ಈ ಪ್ರಾಣಿ ಮೆಕ್ಸಿಕೋ ನಗರದ ಶೋಚಿಮಿಲ್ಕೊ ಕಾಲುವೆಗಳದ್ದು. ಆ ಊರು ಸಮುದ್ರಮಟ್ಟದಿಂದ 2,200 ಮೀಟರಿಗೂ ಎತ್ತರದಲ್ಲಿದೆ, ನಮ್ಮ ಮುಳ್ಳಯ್ಯನಗಿರಿಗಿಂತ ಮೇಲೆ. ಹಾಗಾಗಿ ಇದಕ್ಕೆ ಹಿತವೆನಿಸುವುದು 16ರಿಂದ 18 ಡಿಗ್ರಿ. 20 ಪರವಾಗಿಲ್ಲ. 24 ದಾಟಿದರೆ ಮೇವು ಬಿಡುತ್ತದೆ, ಕಿವಿರಿಗೆ ಬೂಷ್ಟು ಹತ್ತುತ್ತದೆ, ಹಾಗೇ ಬಿಟ್ಟರೆ ಸಾಯುತ್ತದೆ. ಮೊಟ್ಟೆಗಳು 20ರ ಆಚೀಚೆ ಇದ್ದರೆ ಎರಡರಿಂದ ಮೂರು ವಾರದಲ್ಲಿ ಒಡೆಯುತ್ತವೆ. ತಂಪು ಹೆಚ್ಚಿದಷ್ಟೂ ನಿಧಾನ, ಅದರಿಂದ ತೊಂದರೆಯಿಲ್ಲ.

ಮೀನು ಮಾರುವವರ ಬಳಿ ಇರುವ ಥರ್ಮೋಕೋಲ್ ಪೆಟ್ಟಿಗೆ ಒಂದನ್ನು ತನ್ನಿ. ಸೋಪು ಹಾಕದೆ ಬಿಸಿ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಅದರಲ್ಲಿ ಅರ್ಧ ನೀರು ತುಂಬಿ, ಮೊಟ್ಟೆಯ ಡಬ್ಬಿಯನ್ನು ಆ ನೀರಿನೊಳಗೆ ಕೂರಿಸಿ. ಹೊರಗಿನ ನೀರಿಗೆ ಹಿಮಗಟ್ಟಿದ ಬಾಟಲಿಯೊಂದನ್ನು ಬಿಡಿ, ಇನ್ನೊಂದು ಫ್ರೀಜರ್‌ನಲ್ಲಿರಲಿ, ಕರಗಿದ ಹಾಗೆ ಬದಲಿಸುತ್ತಾ ಹೋಗಿ. ಬಾಟಲಿಯನ್ನು ಮೊಟ್ಟೆಯ ಡಬ್ಬಿಯೊಳಗೆ ನೇರವಾಗಿ ಹಾಕಬೇಡಿ. ಉಷ್ಣತೆ ದಿಢೀರನೆ ಏರಿಳಿದರೆ ಸೆಕೆಗಿಂತ ಹೆಚ್ಚು ಹಾನಿ. ಒಂದು ಡಿಜಿಟಲ್ ಥರ್ಮಾಮೀಟರ್ ತನ್ನಿ, ಕೈ ಅದ್ದಿ ನೋಡಿ ಹೇಳುವ ತಂಪು ಲೆಕ್ಕಕ್ಕಿಲ್ಲ.

ನೀರಿನ ಕ್ಲೋರಿನ್ ಹೋಗಲೇಬೇಕು. ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಕ್ಲೋರಿನ್ ತೆಗೆಯುವ ಹನಿ ಸಾಕು, ಅದರಲ್ಲಿ ಸಾಮಾನ್ಯವಾಗಿ ಇರುವುದು ಸೋಡಿಯಂ ಥಯೋಸಲ್ಫೇಟ್. ಅಡುಗೆಮನೆಯ ಆರ್‌ಓ ನೀರನ್ನು ಮಾತ್ರ ಹಾಕಬೇಡಿ, ಅದರಲ್ಲಿ ಇರಬೇಕಾದ ಲವಣಗಳೇ ಇರುವುದಿಲ್ಲ. ಮುಂಬೈಗೆ ಬರುವ ಭಾತ್ಸಾ, ತಾನ್ಸಾ ಜಲಾಶಯಗಳ ನೀರು ಮೊದಲೇ ಮೃದು, ಆಕ್ಸೊಲಾಟಲ್‌ಗೆ ಸ್ವಲ್ಪ ಗಡಸು ನೀರೇ ಇಷ್ಟ. ಅದನ್ನು ಮುಂದೆ ನೋಡಿಕೊಳ್ಳೋಣ.

ಡೊಂಬಿವಲಿ ಡಬ್ಬಿ:
ಮೆಥಿಲೀನ್ ಬ್ಲೂ ನಾಲ್ಕು ಹನಿ ಹಾಕಿಬಿಡಿ, ಬೂಷ್ಟಿನ ಭಯವೇ ಇರುವುದಿಲ್ಲ. ನಾನು ಏಂಜೆಲ್ ಮೀನಿನ ಮೊಟ್ಟೆಗೆ ಯಾವಾಗಲೂ ಹಾಕುತ್ತೇನೆ. ತಂಪಿಗೆ ಒಂದು ಮಣ್ಣಿನ ಮಡಕೆಯಲ್ಲಿ ಇಟ್ಟರೆ ಸಾಕಾಗದೇ?

ಕೊತ್ರೂಡ್ ಕೊಳ:
ಮೀನಿನ ಮೊಟ್ಟೆಯ ಲೆಕ್ಕ ಬೇರೆ. ಇಲ್ಲಿ ಒಂದೊಂದು ಮೊಟ್ಟೆಗೂ ದಪ್ಪ ಲೋಳೆಯ ಹೊದಿಕೆ ಇದೆ, ಜೀವಂತವಾಗಿರುವ ಮೊಟ್ಟೆಗೆ ಅದೇ ಕಾವಲು. ಬೂಷ್ಟು ಮೊದಲು ಹಿಡಿಯುವುದು ಸತ್ತ ಮೊಟ್ಟೆಯನ್ನು. ಒಳಗಿನ ಚುಕ್ಕೆ ಬಿಳಿಚಿ ಮಂಕಾದ ತಕ್ಷಣ ಅಗಲ ಬಾಯಿಯ ಪಿಪೆಟ್‌ನಿಂದ ಎಳೆದು ತೆಗೆದರೆ ಔಷಧಿಯ ಗೊಡವೆಯೇ ಇಲ್ಲ. ಬೇಕಿದ್ದರೆ ರಸ್ತೆ ಬದಿಯ ಕಾಡುಬಾದಾಮಿ ಮರದ ಒಣಗಿ ಉದುರಿದ ಎಲೆಯ ಒಂದು ಚೂರನ್ನು ತೊಳೆದು ಹಾಕಿ. ನೀರು ಚಹಾದ ಬಣ್ಣಕ್ಕೆ ತಿರುಗುತ್ತದೆ, ಬೂಷ್ಟು ಸ್ವಲ್ಪ ಹಿಂದೆ ಸರಿಯುತ್ತದೆ.

ಮಡಕೆಯ ಮಾತು ಪುಣೆಯ ಏಪ್ರಿಲ್‌ಗೆ ಸರಿ. ಗಾಳಿ ಒಣಗಿದ್ದರೆ ನೀರು ಆವಿಯಾಗುತ್ತದೆ, ಮಡಕೆ ತಣ್ಣಗಾಗುತ್ತದೆ. ಡೊಂಬಿವಲಿಯ ಅಂಟು ಸೆಕೆಯಲ್ಲಿ ಬಟ್ಟೆಯೇ ಒಣಗುವುದಿಲ್ಲ, ಮಡಕೆ ಏನು ಮಾಡೀತು? ನೀರಿನ ಮೇಲೆ ಫ್ಯಾನ್ ಬಿಡುವ ಉಪಾಯಕ್ಕೂ ಇದೇ ಮಿತಿ.

ಮಾಟುಂಗಾ ಅಜ್ಜಿ:
ನನ್ನ ಮೊಮ್ಮಗ ಈ ಪ್ರಾಣಿಯ ಚಿತ್ರ ತೋರಿಸುತ್ತಿರುತ್ತಾನೆ, ತಲೆಯ ಎರಡೂ ಕಡೆ ಗರಿ, ಮುಖದಲ್ಲಿ ಸದಾ ನಗು. ಕೇಳಿದರೆ ಕಪ್ಪೆಯ ಬಳಗ ಎನ್ನುತ್ತಾನೆ. ಅಷ್ಟು ದೂರದ ಜಲಚರವನ್ನು ಇಲ್ಲಿನ ಬೇಗೆಗೆ ತಂದು ಐಸ್ ಬಾಟಲಿಯಲ್ಲಿ ಸಾಕುವ ಹಟ ಯಾಕಪ್ಪಾ? ಬೇಸರದಿಂದ ಹೇಳುತ್ತಿಲ್ಲ, ತಿಳಿಯಲೆಂದು ಕೇಳುತ್ತಿದ್ದೇನೆ.

ಕೊತ್ರೂಡ್ ಕೊಳ:
ಅಜ್ಜಿ, ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದೀರಿ. ಇದು ಸಾಲಮಾಂಡರ್, ಎಂದರೆ ಹಲ್ಲಿಯಂತೆ ಬಾಲವಿರುವ ಉಭಯಚರಗಳ ಜಾತಿಯದ್ದು. ಕಪ್ಪೆಯ ಗೊದಮೊಟ್ಟೆ ಬೆಳೆದು ಕಿವಿರು ಕಳೆದುಕೊಂಡು ನೆಲಕ್ಕೆ ಬರುತ್ತದಲ್ಲ, ಇದು ಹಾಗೆ ಬರುವುದಿಲ್ಲ. ಕಿವಿರು ಇಟ್ಟುಕೊಂಡೇ, ನೀರಿನಲ್ಲೇ ಪ್ರಾಯಕ್ಕೆ ಬಂದು ಮೊಟ್ಟೆಯಿಡುತ್ತದೆ. 1864ರಲ್ಲಿ ಮೆಕ್ಸಿಕೋದಿಂದ ಪ್ಯಾರಿಸ್‌ಗೆ 34 ಪ್ರಾಣಿಗಳು ಹೋದವು. ಅವುಗಳಲ್ಲಿ ಆರು ಒಗುಸ್ಟ್ ಡ್ಯೂಮೆರಿಲ್ ಎಂಬ ವಿಜ್ಞಾನಿಯ ಪಾಲಿಗೆ ಬಂದವು, ಮರುವರ್ಷವೇ ಮೊಟ್ಟೆಯಿಟ್ಟವು. ಆ ಮೊಟ್ಟೆಗಳಿಂದ ಬಂದ ಕೆಲವು ಮರಿಗಳು ಕಿವಿರು ಬಿಟ್ಟು ನೆಲದ ಸಾಲಮಾಂಡರ್ ಆಗಿಬಿಟ್ಟವು, ಆತ ಕಂಗಾಲು! ಅಲ್ಲಿಂದ ಮುಂದೆ ಪ್ರಯೋಗಾಲಯಗಳಲ್ಲಿ ಇದರ ವಂಶ ಬೆಳೆಯುತ್ತಲೇ ಬಂದಿದೆ. ಕತ್ತರಿಸಿದ ಕಾಲು ಮೂಳೆ, ನರ, ಬೆರಳು ಸಮೇತ ಮತ್ತೆ ಚಿಗುರುತ್ತದೆ ಎಂಬ ಕಾರಣಕ್ಕೆ ವಿಜ್ಞಾನಿಗಳು ಇದರ ಬೆನ್ನು ಬಿಟ್ಟಿಲ್ಲ.

ತವರಿನಲ್ಲಿ ಮಾತ್ರ ಸ್ಥಿತಿ ಬಹಳ ಕೆಟ್ಟದ್ದು. 1998ರ ಗಣತಿಯಲ್ಲಿ ಶೋಚಿಮಿಲ್ಕೊದ ಚದರ ಕಿಲೋಮೀಟರಿಗೆ ಸುಮಾರು 6,000 ಸಿಕ್ಕಿದ್ದವು. 2014ರಲ್ಲಿ 36. ಕೊಳಚೆ ನೀರು ಒಂದು ಕಡೆ, ಜನರೇ ತಂದು ಬಿಟ್ಟ ತಿಲಾಪಿಯಾ ಮತ್ತು ಕಾರ್ಪ್ ಮೀನು ಇನ್ನೊಂದು ಕಡೆ. 2021ರಲ್ಲಿ ಬಂದ ಅಲ್ಲಿನ 50 ಪೆಸೊ ನೋಟಿನ ಮೇಲೆ ಇದರ ಚಿತ್ರವಿದೆ. ನೋಟಿನಲ್ಲಿ ಕಾಣುವಷ್ಟು ಸುಲಭವಾಗಿ ಕಾಲುವೆಯಲ್ಲಿ ಕಾಣುವುದಿಲ್ಲ. ಸಾಕಣೆಯ ಆಕ್ಸೊಲಾಟಲ್‌ನಿಂದ ಆ ಕಾಲುವೆಗೆ ಯಾವ ಉಪಕಾರವೂ ಇಲ್ಲ, ಅದನ್ನು ಸೇವೆ ಎಂದುಕೊಳ್ಳುವುದು ಬೇಡ. ನಾವು ಸಾಕುವುದು ನಮ್ಮ ಖುಷಿಗೆ. ಹಾಗಾದಾಗ ಐಸ್ ಬಾಟಲಿ ಬದಲಿಸುವುದೂ ನಮ್ಮ ಕೆಲಸವೇ.

ಫೋಂಡಾ ಕಾರಕೂನಿ:
ಗೋವಾದಿಂದ ಒಂದು ಮಾತು. ಎಲ್ಲರೂ ಐಸ್, ಬೂಷ್ಟು ಎನ್ನುತ್ತಿದ್ದೀರಿ, ಕಾಗದದ ಮಾತು ಯಾರೂ ಎತ್ತಲಿಲ್ಲ. ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿ ಆಕ್ಸೊಲಾಟಲ್ ಇದೆ. ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆಗಿ, 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಸೈಟಿಸ್ ಪಟ್ಟಿಯ ಪ್ರಾಣಿಗಳು ಈಗ ಅದರ ನಾಲ್ಕನೆಯ ಅನುಸೂಚಿಯಲ್ಲಿವೆ. 2024ರ ಫೆಬ್ರವರಿಯಲ್ಲಿ ನಿಯಮಗಳೂ ಬಂದವು: ಇಂಥ ಜೀವಂತ ಪ್ರಾಣಿಯನ್ನು ಇಟ್ಟುಕೊಂಡವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಮರಿ ಹುಟ್ಟಿದರೆ, ಸತ್ತರೆ, ಇನ್ನೊಬ್ಬರಿಗೆ ಕೊಟ್ಟರೆ ಅದನ್ನೂ ತಿಳಿಸಬೇಕು. ಅಂಗಡಿಯವರು "ಮೀನು ಸಾರ್, ಇದಕ್ಕೆಂಥ ಕಾಗದ" ಎನ್ನುತ್ತಾರೆ. ನಂಬಬೇಡಿ. ಮುಲುಂಡಿನವರೇ, ಮೊದಲು ಪುಣೆಯವರ ಜೋಡಿಗೆ ನೋಂದಣಿ ಆಗಿದೆಯೇ ಕೇಳಿ. ಅರ್ಜಿ ತುಂಬುವಾಗ ಅದೇ ಆಧಾರ.

ಮುಲುಂಡ್ ಮಹಡಿ:
ಫೋಂಡಾ ಅಕ್ಕ, ಒಳ್ಳೆಯ ಸಮಯದಲ್ಲಿ ಹೇಳಿದಿರಿ. ಪುಣೆಯವರದ್ದು ನೋಂದಣಿ ಆಗಿದೆಯಂತೆ, ಪ್ರತಿ ಕಳುಹಿಸಿದ್ದಾರೆ. ನಮ್ಮ ಅರ್ಜಿಯನ್ನು ಈ ಭಾನುವಾರ ತುಂಬುತ್ತೇವೆ.

ಥರ್ಮೋಕೋಲ್ ಪೆಟ್ಟಿಗೆ ಬಂತು. ಮೀನಿನ ಪೆಟ್ಟಿಗೆ ಎಂದು ಅತ್ತೆಯವರು ಅಡುಗೆಮನೆಯ ಹೊಸ್ತಿಲು ದಾಟಲು ಬಿಡಲಿಲ್ಲ, ಬಾತ್‌ರೂಮ್ ಪಕ್ಕದ ಕಟ್ಟೆಯ ಮೇಲೆ ಜಾಗ ಸಿಕ್ಕಿತು. ಈಗ 20ರ ಹತ್ತಿರ ನಿಂತಿದೆ.

ರಾತ್ರಿ ಮೊಬೈಲ್ ಟಾರ್ಚನ್ನು ಡಬ್ಬಿಯ ಅಡಿಯಿಂದ ಹಿಡಿದು ನೋಡಿದೆವು. ದುಂಡಗಿದ್ದ ಚುಕ್ಕೆ ಮೊದಲು ಉದ್ದವಾಯಿತು, ಆಮೇಲೆ ಬಾಗಿತು, ಒಂದು ತುದಿ ತಲೆಯೆಂದೂ ಇನ್ನೊಂದು ಬಾಲವೆಂದೂ ಗೊತ್ತಾಗತೊಡಗಿತು. ಈಗ ಕತ್ತಿನ ಬಳಿ ಎರಡೂ ಕಡೆ ಸಣ್ಣ ಕವಲು ಒಡೆದಿದೆ, ಕಿವಿರು ಇರಬೇಕು. ಬೆಳಕು ತಾಗಿದರೆ ಇಡೀ ಜೀವ ಆ ಲೋಳೆಯೊಳಗೇ ಫಟ್ಟನೆ ಮಗ್ಗುಲು ಬದಲಿಸುತ್ತದೆ. ಮಗಳು ಅದನ್ನು ಕಾಣಲು ಮತ್ತೆ ಮತ್ತೆ ಟಾರ್ಚ್ ಹಾಕುತ್ತಾಳೆ, ನಾನು ಬೈಯುತ್ತೇನೆ, ಆಮೇಲೆ ನಾನೇ ಹಾಕುತ್ತೇನೆ.

ಬಿಳಿಚಿದವನ್ನು ತೆಗೆಯುತ್ತಿದ್ದೇವೆ, ಬಹಳವೇನಿಲ್ಲ. ಮರಿ ಹೊರಗೆ ಬಂದ ಕೂಡಲೇ ಮೇವು ಬೇಕೇ?

ಕೊತ್ರೂಡ್ ಕೊಳ:
ಕೂಡಲೇ ಬೇಡ. ಹೊಟ್ಟೆಯಲ್ಲಿ ಉಳಿದ ಹಳದಿ ಭಂಡಾರ ಎರಡು ಮೂರು ದಿನಕ್ಕೆ ಬರುತ್ತದೆ. ಆ ದಿನಗಳಲ್ಲಿ ಮರಿ ತಳದಲ್ಲಿ ಬಿದ್ದುಕೊಂಡೇ ಇರುತ್ತದೆ, ಸತ್ತಿದೆ ಎಂದು ಗಾಬರಿಯಾಗಬೇಡಿ. ಉದ್ದ ಒಂದು ಸೆಂಟಿಮೀಟರ್ ಆಸುಪಾಸು, ಕಾಲಿಲ್ಲ.

ಆಮೇಲೆ ಬೇಕಾಗುವುದು ಜೀವಂತ ಮೇವೇ. ಈ ವಯಸ್ಸಿನ ಮರಿ ಅಲುಗಾಡುವುದನ್ನು ಮಾತ್ರ ತಿನ್ನುತ್ತದೆ, ಪುಡಿ ಮೇವು ಹಾಕಿದರೆ ನೀರು ಕೊಳೆಯುತ್ತದೆ ಅಷ್ಟೇ. ಆರ್ಟೀಮಿಯಾ (ಉಪ್ಪುನೀರಿನ ಪುಟ್ಟ ಸೀಗಡಿಯಂಥ ಜೀವಿ) ಮೊಟ್ಟೆಯ ಡಬ್ಬ ಕ್ರಾಫರ್ಡ್ ಮಾರುಕಟ್ಟೆಯ ಅಕ್ವೇರಿಯಂ ಅಂಗಡಿಗಳಲ್ಲಿ ವಿಚಾರಿಸಿ. ಒಂದು ಲೀಟರ್ ನೀರಿಗೆ 25ರಿಂದ 30 ಗ್ರಾಂ ಕಲ್ಲುಪ್ಪು. ಬಾಟಲಿಯ ತಳ ಕತ್ತರಿಸಿ ತಲೆಕೆಳಗಾಗಿ ನಿಲ್ಲಿಸಿ, ಗಾಳಿ ಪಂಪಿನ ಕೊಳವೆಯನ್ನು ಬಾಟಲಿಯ ಮುಚ್ಚಳದ ತನಕ ಇಳಿಸಿ, ನೀರು ಕುದಿಯುವಂತೆ ಗಾಳಿ ಬಿಡಿ, ಮೇಲೊಂದು ದೀಪ. ಇವು ಒಡೆಯಲು 26ರಿಂದ 28 ಡಿಗ್ರಿ ಬೇಕು. ಮರಿಗೆ ಆಗದ ನಿಮ್ಮ ಕೋಣೆಯ ಸೆಕೆ ಮರಿಯ ಮೇವಿಗೆ ಹೇಳಿ ಮಾಡಿಸಿದ್ದು! ಒಂದು, ಒಂದೂವರೆ ದಿನದಲ್ಲಿ ನೀರು ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ.

ಗಾಳಿ ನಿಲ್ಲಿಸಿ ಸ್ವಲ್ಪ ಕಾಯಿರಿ. ಖಾಲಿ ಚಿಪ್ಪು ಮೇಲೆ ತೇಲುತ್ತದೆ, ಒಡೆಯದ ಮೊಟ್ಟೆ ತಳಕ್ಕಿಳಿಯುತ್ತದೆ, ಜೀವಂತ ಹುಳುಗಳು ಬೆಳಕಿನ ಕಡೆ ಸೇರುತ್ತವೆ. ಅಲ್ಲಿಂದ ಕೊಳವೆಯಲ್ಲಿ ಎಳೆದು, ಒತ್ತಾದ ನೇಯ್ಗೆಯ ಬಟ್ಟೆಯಲ್ಲಿ ಸೋಸಿ, ಸಿಹಿ ನೀರಿನಲ್ಲಿ ತೊಳೆದು ಹಾಕಿ. ಚಿಪ್ಪು ಹೋಗಬಾರದು, ಮರಿಯ ಕರುಳಿಗೆ ಕಟ್ಟಿಕೊಳ್ಳುತ್ತದೆ. ಸಿಹಿ ನೀರಿನಲ್ಲಿ ಈ ಹುಳುಗಳು ಕೆಲವೇ ಗಂಟೆ ಬದುಕುತ್ತವೆ, ಸತ್ತರೆ ಅಮೋನಿಯಾ. ಆದ್ದರಿಂದ ದಿನಕ್ಕೆ ಎರಡು ಸಲ ಮೇವು, ದಿನವೂ ನೀರು ಬದಲು, ಹೊಸ ನೀರು ಅದೇ ತಂಪಿನದ್ದು. ಫಿಲ್ಟರ್ ಬೇಡ, ಮರಿಯನ್ನೇ ಎಳೆದುಕೊಳ್ಳುತ್ತದೆ.

ಡೊಂಬಿವಲಿ ಡಬ್ಬಿ:
ಇಷ್ಟು ರಗಳೆ ಯಾಕೆ? ಬಾಲ್ಕನಿಯಲ್ಲಿ ಒಂದು ಬಕೆಟ್ ನೀರು ಇಟ್ಟರೆ ಸೊಳ್ಳೆಮರಿ ಪುಕ್ಕಟೆ ಸಿಗುತ್ತದೆ.

ಫೋಂಡಾ ಕಾರಕೂನಿ:
ಅದರ ಜೊತೆಗೆ ಪಾಲಿಕೆಯ ನೋಟಿಸೂ ಸಿಗುತ್ತದೆ. ಡೆಂಗಿ ಕಾಲದಲ್ಲಿ ಅಕ್ಕಪಕ್ಕದವರು ಸುಮ್ಮನೆ ಬಿಟ್ಟಾರೆಯೇ? ಬೇಡ ಮಹಾರಾಯರೇ.

ಮುಲುಂಡ್ ಮಹಡಿ:
ಮರಿಗಳು ಬಂದವು! ಮೇವು ತಿಂದ ಮೇಲೆ ಪಾರದರ್ಶಕ ಹೊಟ್ಟೆಯೊಳಗೆ ಕಿತ್ತಳೆ ಬಣ್ಣ ಹೊರಗೇ ಕಾಣುತ್ತದೆ, ಯಾರು ಉಂಡಿದ್ದಾರೆ ಯಾರು ಉಪವಾಸ ಎಂದು ಕೇಳಬೇಕಾಗಿಯೇ ಇಲ್ಲ. ಈಗಿನ ಚಿಂತೆ ಸಂಖ್ಯೆಯದು. ಇನ್ನೂ ಒಡೆಯದ ಮೊಟ್ಟೆಗಳೂ ಇವೆ. ಎಲ್ಲವನ್ನೂ ಉಳಿಸಿಕೊಳ್ಳಬೇಕು ಎಂದು ಮಗಳ ಹಟ.

ಕೊತ್ರೂಡ್ ಕೊಳ:
ಉಳಿಸಿಕೊಳ್ಳಬೇಡಿ. ಮುಂಬೈಯಂಥ ಊರಿನಲ್ಲಿ ಮೊಟ್ಟೆ ಸಾಕುವವರಿಗೆ ನಾನು ಹೇಳುವುದು ಇದೊಂದನ್ನೇ, ಉಳಿದದ್ದೆಲ್ಲ ಇದರ ಹಿಂದೆ: ಮೇ ತಿಂಗಳಿನಲ್ಲಿ ಎಷ್ಟನ್ನು ತಂಪಾಗಿ ಇಡಬಲ್ಲಿರೋ ಅಷ್ಟನ್ನೇ ಬೆಳೆಸಿ. ಬೆಳೆದ ಒಂದು ಆಕ್ಸೊಲಾಟಲ್ 20ರಿಂದ 30 ಸೆಂಟಿಮೀಟರ್ ಆಗುತ್ತದೆ, ಒಂದಕ್ಕೆ 75 ಲೀಟರ್ ತೊಟ್ಟಿ ಬೇಕು, ಹತ್ತರಿಂದ ಹದಿನೈದು ವರ್ಷ ಬದುಕುತ್ತದೆ. ನಿಮ್ಮ ಮಗಳು ಎಂಜಿನಿಯರಿಂಗ್ ಮುಗಿಸಿ ಹೊರಟರೂ ಅದು ನಿಮ್ಮ ಹಾಲ್‌ನಲ್ಲೇ ಇರುತ್ತದೆ. ದೊಡ್ಡದಕ್ಕೆ ಐಸ್ ಬಾಟಲಿ ಸಾಲದು, ತೊಟ್ಟಿಯ ನೀರು ತಂಪು ಮಾಡುವ ಯಂತ್ರ, ಅಂದರೆ ಚಿಲ್ಲರ್ ಬೇಕು. ತೊಟ್ಟಿಗಿಂತ ಚಿಲ್ಲರ್‌ನ ಬೆಲೆಯೇ ಭಾರಿ, ಕರೆಂಟ್ ಬಿಲ್ ಬೇರೆ.

ಮೂರೋ ನಾಲ್ಕೋ ಇಟ್ಟುಕೊಳ್ಳಿ. ಇನ್ನು ಒಡೆಯದ ಮೊಟ್ಟೆಗಳು. ಹೇಳಲು ಹಿತವಿಲ್ಲ, ಆದರೂ ಹೇಳುತ್ತೇನೆ. ಮೊಟ್ಟೆಯಿಟ್ಟ ಮೊದಲ ದಿನಗಳಲ್ಲೇ, ಚುಕ್ಕೆ ದುಂಡಗಿರುವಾಗಲೇ, ಬೇಡದ್ದನ್ನು ಫ್ರೀಜರ್‌ಗೆ ಹಾಕುವುದು ಸಾಕಣೆದಾರರಲ್ಲಿ ರೂಢಿ. ನಿಮ್ಮ ಮೊಟ್ಟೆಗಳಿಗೆ ಆ ಘಟ್ಟ ದಾಟಿದೆ. ಅವನ್ನು ಪುಣೆಗೇ ಮರಳಿಸಿ, ಅವರಲ್ಲಿ ತಂಪಿನ ವ್ಯವಸ್ಥೆಯಿದೆ.

ಮಾಟುಂಗಾ ಅಜ್ಜಿ:
ಫ್ರೀಜರ್‌ಗೇ? ಪಾಪವಲ್ಲವೇ ಅದು? ಹತ್ತಿರದಲ್ಲಿ ಪೊವಾಯಿ ಕೆರೆ ಇದೆ, ಬಿಟ್ಟು ಬಂದರೆ ಬದುಕಿಕೊಳ್ಳುವುದಿಲ್ಲವೇ?

ಕೊತ್ರೂಡ್ ಕೊಳ:
ಅಜ್ಜಿ, ಕೆರೆಗೆ ಮಾತ್ರ ಬೇಡವೇ ಬೇಡ. ಅಲ್ಲಿನ ಬೆಚ್ಚಗಿನ ನೀರಿನಲ್ಲಿ ಅವು ನರಳಿ ಸಾಯುತ್ತವೆ. ಸಾಯುವ ಮೊದಲು ತಮ್ಮ ಮೈಮೇಲಿನ ಶಿಲೀಂಧ್ರ, ರೋಗಾಣುಗಳನ್ನು ನಮ್ಮ ಕಪ್ಪೆಗಳಿಗೆ ಅಂಟಿಸಿ ಹೋಗಬಹುದು. ಹೊರಗಿನ ಮೀನು ತಂದು ಬಿಟ್ಟದ್ದರಿಂದಲೂ ತಾನೇ ಶೋಚಿಮಿಲ್ಕೊ ಕೆಟ್ಟದ್ದು. ಪಾಪದ ಲೆಕ್ಕ ಹಾಕುವುದಾದರೆ, ನರಮಂಡಲ ಮೂಡುವ ಮೊದಲಿನ ಮೊಟ್ಟೆಯದ್ದು ಹೆಚ್ಚೋ, ಮೇ ತಿಂಗಳ 32 ಡಿಗ್ರಿ ನೀರಿನಲ್ಲಿ ವಾರಗಟ್ಟಲೆ ಬಾಡುವ ಮರಿಯದ್ದು ಹೆಚ್ಚೋ, ನೀವೇ ಹೇಳಿ.

ಮಾಟುಂಗಾ ಅಜ್ಜಿ:
ನಿಮ್ಮ ಮಾತು ತಳ್ಳಿಹಾಕುವಂತಿಲ್ಲ, ಆದರೂ ಮನಸ್ಸು ಒಪ್ಪುವುದಿಲ್ಲ. ನನ್ನ ಮೊಮ್ಮಗನಿಗೆ ಗಂಡು ಹೆಣ್ಣು ಜೊತೆಯಲ್ಲಿ ಸಾಕುವುದೇ ಬೇಡ ಎಂದು ಹೇಳುತ್ತೇನೆ. ಮೊಟ್ಟೆಯೇ ಇಲ್ಲದಿದ್ದರೆ ಫ್ರೀಜರ್ ಯಾಕೆ?

ಕೊತ್ರೂಡ್ ಕೊಳ:
ಅದಕ್ಕಿಂತ ಒಳ್ಳೆಯ ಉಪಾಯ ನನ್ನ ಬಳಿಯೂ ಇಲ್ಲ.

ಡೊಂಬಿವಲಿ ಡಬ್ಬಿ:
ನಾನೊಂದು ಓದಿದ್ದೆ. ಅಯೋಡಿನ್ ಹಾಕಿದರೆ ಇದು ಕಿವಿರು ಬಿಟ್ಟು ನೆಲಕ್ಕೆ ಬರುತ್ತದಂತೆ. ಆಗ ಚಿಲ್ಲರ್ ಖರ್ಚೇ ಉಳಿಯಿತಲ್ಲ?

ಕೊತ್ರೂಡ್ ಕೊಳ:
ಪ್ರಯೋಗಾಲಯದಲ್ಲಿ ಥೈರಾಯ್ಡ್ ಹಾರ್ಮೋನ್ ಕೊಟ್ಟು ಹಾಗೆ ಮಾಡಿದ್ದಾರೆ. ಮನೆಯಲ್ಲಿ ಮಾಡಲು ಹೋದರೆ ಬಹುಪಾಲು ಸಾಯುತ್ತವೆ, ಬದುಕಿದವುಗಳ ಆಯಸ್ಸೂ ಕುಗ್ಗುತ್ತದೆ. ಮತ್ತು ನೆಲದ ಸಾಲಮಾಂಡರ್‌ಗೂ ತಂಪೇ ಬೇಕು. ಈ ವಿಷಯ ಇಲ್ಲಿಗೆ ಬಿಡಿ.

ಮುಲುಂಡ್ ಮಹಡಿ:
ಮೊಟ್ಟೆಗಳನ್ನೂ ಹೆಚ್ಚಿನ ಮರಿಗಳನ್ನೂ ಭಾವನವರ ಕಾರಿನಲ್ಲಿ, ಐಸ್ ಪೆಟ್ಟಿಗೆಯಲ್ಲಿ ಪುಣೆಗೆ ಕಳುಹಿಸಿದೆವು. ಮಗಳು ಅತ್ತಳು, ಲೋಣಾವಳಾ ದಾಟುವಷ್ಟರಲ್ಲಿ ಫೋನ್ ಮಾಡಿ ನೀರಿನ ಉಷ್ಣತೆ ಎಷ್ಟೆಂದು ಕೇಳಿದಳು. ನಾಲ್ಕು ಉಳಿಸಿಕೊಂಡಿದ್ದೇವೆ. ಮುಂಗಾಲು ಮೂಡಿವೆ, ಹಿಂಗಾಲಿನ ಜಾಗದಲ್ಲಿ ಮೊಗ್ಗು. ಇವತ್ತು ನೋಡಿದರೆ ಒಂದಕ್ಕೆ ಎಡ ಮುಂಗಾಲಿನ ಪಾದವೇ ಇಲ್ಲ! ರೋಗವೇ?

ಕೊತ್ರೂಡ್ ಕೊಳ:
ರೋಗವಲ್ಲ, ಒಡಹುಟ್ಟಿದವರ ಪ್ರೀತಿ. ಎರಡು ಸೆಂಟಿಮೀಟರ್ ಆದಾಗಿನಿಂದ ಆರು ಸೆಂಟಿಮೀಟರ್ ತನಕ, ಪಕ್ಕದಲ್ಲಿ ಅಲುಗಾಡಿದ್ದೆಲ್ಲ ಇವುಗಳಿಗೆ ಆಹಾರ. ಕಾಲು ಕೆಲವು ವಾರದಲ್ಲಿ ಪೂರ್ತಿ ಬರುತ್ತದೆ, ಔಷಧಿ ಹಚ್ಚಬೇಡಿ. ಆದರೆ ತಲೆ ಕಚ್ಚಿಸಿಕೊಂಡರೆ ಉಳಿಯುವುದಿಲ್ಲ. ಇವತ್ತೇ ನಾಲ್ಕನ್ನೂ ನಾಲ್ಕು ಡಬ್ಬಿಗೆ ಹಾಕಿ, ಡಬ್ಬಿಗಳೆಲ್ಲ ಅದೇ ಥರ್ಮೋಕೋಲ್ ಪೆಟ್ಟಿಗೆಯಲ್ಲಿರಲಿ.

ಫೋಂಡಾ ಕಾರಕೂನಿ:
ಬೇಸಗೆಗೆ ಈಗಿನಿಂದಲೇ ಸಿದ್ಧತೆ ಮಾಡಿ. ನಮ್ಮಲ್ಲಿ ಮಳೆಗಾಲ ಬಂತೆಂದರೆ ಕರೆಂಟ್ ಹೋಗುವುದು ಮಾಮೂಲಿ. ಚಿಲ್ಲರ್ ಇದ್ದರೂ ಫ್ರೀಜರ್‌ನಲ್ಲಿ ಬಾಟಲಿಗಳಿರಲಿ, ಬ್ಯಾಟರಿಯ ಗಾಳಿ ಪಂಪ್ ಒಂದಿರಲಿ. ನೀರು ಬೆಚ್ಚಗಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. ತೊಟ್ಟಿಯ ತಳಕ್ಕೆ ಸಣ್ಣ ಜಲ್ಲಿ ಹಾಕಬೇಡಿ, ಮೇವಿನ ಜೊತೆ ನುಂಗುತ್ತವೆ. ತಳ ಬೋಳಾಗಿದ್ದರೂ ಚಿಂತೆಯಿಲ್ಲ. ಮರಿಗಳನ್ನು ಬಿಡುವುದಕ್ಕಿಂತ ಒಂದೂವರೆ ಎರಡು ತಿಂಗಳು ಮೊದಲೇ ತೊಟ್ಟಿಗೆ ನೀರು ತುಂಬಿ ಫಿಲ್ಟರ್ ಓಡಿಸಿ, ಅಮೋನಿಯಾವನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಬೆಳೆಯಲು ಅಷ್ಟು ಸಮಯ ಬೇಕು.

ಮುಲುಂಡ್ ಮಹಡಿ:
ತೊಟ್ಟಿ ಓಡುತ್ತಿದೆ, ಚಿಲ್ಲರ್‌ಗೆ ಹಣ ಎತ್ತಿಟ್ಟಿದ್ದೇವೆ. ನೋಂದಣಿಯ ಅರ್ಜಿ ಹೋಗಿದೆ. ಪಾದ ಮತ್ತೆ ಬಂದಿದೆ, ನಾಲ್ಕು ಬೆರಳೂ ಸರಿಯಾಗಿವೆ, ಬಣ್ಣ ಮಾತ್ರ ಸ್ವಲ್ಪ ತಿಳಿ. ಈಗ ಎರೆಹುಳು ಶುರು ಮಾಡಿದೆವು. ಗೊಬ್ಬರದ ಎರೆಹುಳುವನ್ನು ತುಂಡು ಮಾಡಿ ಕೊಟ್ಟರೆ ಬಾಯಿಗೆ ಎಳೆದುಕೊಂಡು, ಒಂದು ಕ್ಷಣ ಇಟ್ಟುಕೊಂಡು, ಥೂ ಎಂದು ಉಗುಳುತ್ತದೆ. ನಾಲ್ಕೂ ಹಾಗೇ. ಅತ್ತೆಯವರು ಈಗ ದಿನವೂ ಇಣುಕುತ್ತಾರೆ, "ನಮ್ಮ ಮನೆಯ ಅನ್ನ ತಿಂದ ಮಕ್ಕಳು, ಹುಳ ತಿಂದಾವೆಯೇ" ಎಂದು ನಗುತ್ತಾರೆ.

ಕೊತ್ರೂಡ್ ಕೊಳ:
ಎರೆಗೊಬ್ಬರಕ್ಕೆ ಸಾಕುವ ಕೆಂಪು ಹುಳು ಕಹಿ ದ್ರವ ಬಿಡುತ್ತದೆ, ಅದಕ್ಕೇ ಉಗುಳುವುದು. ಕುದಿಯುವ ನೀರಿನಲ್ಲಿ ಕ್ಷಣಕಾಲ ಅದ್ದಿ, ತಣ್ಣೀರಿನಲ್ಲಿ ತೊಳೆದು ಕೊಟ್ಟು ನೋಡಿ. ಅದಕ್ಕಿಂತ ಮಣ್ಣಿನ ಸಾಮಾನ್ಯ ಎರೆಹುಳು ಸಿಕ್ಕಿದರೆ ಉತ್ತಮ. ಸೊಸೈಟಿಯ ಉದ್ಯಾನದಿಂದ ಮಾತ್ರ ಅಗೆಯಬೇಡಿ, ಅಲ್ಲಿ ಕೀಟನಾಶಕ ಹೊಡೆದಿರುತ್ತಾರೆ.

ಡೊಂಬಿವಲಿ ಡಬ್ಬಿ:
ನಮ್ಮ ಕಟ್ಟಡದ ಹಿಂದಿನ ಬಾಳೆ ಬುಡದಲ್ಲಿ ಬೇಕಾದಷ್ಟಿವೆ, ಔಷಧಿ ಹೊಡೆಯುವವರೂ ಇಲ್ಲ. ಶನಿವಾರ ಮುಲುಂಡ್ ಕಡೆ ಬರುತ್ತಿದ್ದೇನೆ, ಒಂದು ಡಬ್ಬಿ ತರುತ್ತೇನೆ. ಬದಲಿಗೆ ಆ ನಾಲ್ವರನ್ನು ತೋರಿಸಬೇಕು.

ಮುಲುಂಡ್ ಮಹಡಿ:
ಬನ್ನಿ, ಊಟಕ್ಕೇ ಬನ್ನಿ. ಡಬ್ಬಿಯನ್ನು ಮಾತ್ರ ಅತ್ತೆಯವರ ಕಣ್ಣಿಗೆ ಬೀಳದಂತೆ ಬಾತ್‌ರೂಮ್ ಕಟ್ಟೆಯ ಮೇಲಿಡಿ.